ನಾಗೋಯಾದಲ್ಲಿ ಸಾರು–ಅನ್ನ: ನನ್ನ ಅನುಭವ

ಕಂಪನಿ ಕೆಲಸದ ಮೇಲೆ ಜಪಾನಿಗೆ ಹೊರಡುವ ಸಸ್ಯಾಹಾರಿಗಳಿಗೆ ನಮ್ಮ ಕಚೇರಿಯಲ್ಲಿ ಸಿಗುತ್ತಿದ್ದ ಸಲಹೆ ಎರಡೇ: ಸೂಟ್‌ಕೇಸ್ ತುಂಬ ರೆಡಿ ಟು ಈಟ್ ಪ್ಯಾಕೆಟ್ ಒಯ್ಯಿರಿ, ಇಲ್ಲವೇ ಮೊಟ್ಟೆ–ಮೀನಿಗೆ ಒಗ್ಗಿಕೊಳ್ಳಿ. ಅಲ್ಲಿನ ಅಕ್ಕಿ, ಅಲ್ಲಿನ ವಿದ್ಯುತ್ ರೈಸ್ ಕುಕ್ಕರ್, ಅಲ್ಲಿನ ಮೊಸರನ್ನೇ ನೆಚ್ಚಿಕೊಂಡು ಇಲ್ಲಿಂದ ಪುಡಿಗಳನ್ನು ಮಾತ್ರ ಒಯ್ಯುತ್ತೇನೆ ಎಂದಾಗ, ಹಿಂದೆ ನಾಗೋಯಾದಲ್ಲಿದ್ದು ಬಂದ ಹಿರಿಯರು ಅದು ಎರಡು ವಾರವೂ ನಡೆಯುವುದಿಲ್ಲ ಎಂದರು. 2025ರಲ್ಲಿ ಅದೇ ಊರಿನಲ್ಲಿ ಮೂರು ತಿಂಗಳ ಆಸುಪಾಸು ಇದ್ದು, ತೂಕ ಇಳಿಯದೆ, ದಿನಭತ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಸಿಕೊಂಡು ಬಂದಿರುವುದರಿಂದ ಈ ಕ್ರಮವನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೋಟೆಲ್ ಕೋಣೆಯಲ್ಲಿ ಅಡುಗೆಗೆ ಅನುಮತಿ ಇರುವುದಿಲ್ಲವಾದ್ದರಿಂದ, ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಒಂದು ಒಲೆಯಿರುವ ಮನೆಯನ್ನೇ ಕೇಳಿ ಪಡೆಯಬೇಕು. ಇಲ್ಲಿಂದ ಕುಕ್ಕರ್ ಒಯ್ಯುವವರು ಪ್ಲಗ್ಗಿನ ಬಗ್ಗೆ ಯೋಚಿಸುತ್ತಾರೆಯೇ ಹೊರತು ವೋಲ್ಟೇಜನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಪಾನಿನ 100 ವೋಲ್ಟಿನಲ್ಲಿ ನಮ್ಮ 230 ವೋಲ್ಟಿನ 700 ವಾಟ್ ಕುಕ್ಕರ್ ಸುಮಾರು 130 ವಾಟ್ ಶಾಖ ಮಾತ್ರ ಕೊಡುತ್ತದೆ. ಜೊತೆಗಿದ್ದವರೊಬ್ಬರ ಕುಕ್ಕರಿನಲ್ಲಿ ಒಂದೂವರೆ ಗಂಟೆ ಕಳೆದರೂ ಅಕ್ಕಿ ನೆನೆದಂತೆಯೇ ಇತ್ತು. ಆಮೇಲೆ ಅವರು ಕೊಂಡ ಟ್ರಾನ್ಸ್‌ಫಾರ್ಮರಿನ ಹಣದಲ್ಲಿ ಎರಡು ಹೊಸ ಕುಕ್ಕರ್ ಬರುತ್ತಿದ್ದವು. ನಾನು ಹಳೆಯ ಸಾಮಾನಿನ ಅಂಗಡಿಯಲ್ಲಿ 2,000 ಯೆನ್ನಿನ ಆಸುಪಾಸಿಗೆ ಮೂರು ‘ಗೋ’ ಅಳತೆಯ ಕುಕ್ಕರ್ ಕೊಂಡೆ. ಒಂದು ಗೋ ಎಂದರೆ 180 ಮಿಲಿಲೀಟರ್ ಅಕ್ಕಿ, ಒಬ್ಬರಿಗೆ ಎರಡು ಹೊತ್ತಿಗೆ ಸಾಕು.

ಜಪಾನಿನ ಗುಂಡು ಅಕ್ಕಿ ಅಂಟುತ್ತದೆ ಎಂದು ದೂರುವವರು ಅದರಲ್ಲಿ ಚಿತ್ರಾನ್ನ ಮಾಡಲು ಹೋದವರು. ಮೊಸರನ್ನಕ್ಕೂ ಬಿಸಿಬೇಳೆಬಾತಿಗೂ ಅದಕ್ಕಿಂತ ಒಳ್ಳೆಯ ಅಕ್ಕಿಯನ್ನು ನಾನು ಕಂಡಿಲ್ಲ. ಸಾರಿಗಾದರೆ, ತೊಳೆದ ನೀರು ತಿಳಿಯಾಗುವವರೆಗೆ ಅಕ್ಕಿ ತೊಳೆದು, ಕುಕ್ಕರಿನ ಗೆರೆಗಿಂತ ತುಸು ಕಡಿಮೆ ನೀರಿಟ್ಟು, ಬೆಂದ ತಕ್ಷಣ ತಟ್ಟೆಯಲ್ಲಿ ಹರವಿ ಆರಿಸಿದರೆ ಅಗುಳು ಬಿಡಿಯಾಗುತ್ತದೆ.

ನಿಜವಾದ ತೊಡಕು ತೊಗರಿಬೇಳೆಯದು. ಪ್ರೆಶರ್ ಇಲ್ಲದ ಕುಕ್ಕರಿನಲ್ಲಿ ಅದು ಬೇಯದೆ, ನೊರೆ ಉಕ್ಕಿ ಮುಚ್ಚಳದ ಆವಿಯ ಕಿಂಡಿಯಲ್ಲಿ ಕಟ್ಟಿಕೊಂಡಿತು. ಕೆಲವು ದಿನ ಹೆಸರುಬೇಳೆಯಲ್ಲೇ ಕಳೆದೆ. ಅದು ಬೇಯುತ್ತದೆ, ಆದರೆ ಹುಳಿಗೆ ಆ ರುಚಿ ಬರುವುದಿಲ್ಲ. ಕೊನೆಗೆ ಕೈಹಿಡಿದದ್ದು ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್. ಸಂಜೆ ಬಂದೊಡನೆ ಬೇಳೆ ನೆನೆಹಾಕಿ, ಮಲಗುವ ಮುನ್ನ ಒಲೆಯ ಮೇಲೆ ಹತ್ತು ನಿಮಿಷ ಕುದಿಸಿ, ಕುದಿನೀರಿನಿಂದ ಮೊದಲೇ ಕಾಯಿಸಿಟ್ಟ ಫ್ಲಾಸ್ಕಿಗೆ ಸುರಿದು ಮುಚ್ಚಿದರೆ, ಬೆಳಿಗ್ಗೆ ಸೌಟಿನ ಹಿಂಬದಿಯಿಂದ ಒತ್ತಿದಾಗ ಬೆಣ್ಣೆಯಂತೆ ಕರಗುತ್ತದೆ. ಜಪಾನಿನ ನೀರು ಬಹುಪಾಲು ಮೆದುನೀರು. ಗಡಸಾದ ಬೋರ್‌ವೆಲ್ ನೀರಿನಲ್ಲಿ ಇದೇ ಕ್ರಮಕ್ಕೆ ಇಷ್ಟು ಒಳ್ಳೆಯ ಫಲ ಸಿಗುವುದು ಅನುಮಾನ. ಕುದಿಸುವಾಗ ನಾನು ಹಾಕುವ ಇನ್ನೊಂದು ಚಿಟಿಕೆ ವಸ್ತುವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ರಾಜ್ಮಾವನ್ನು ಮಾತ್ರ ಫ್ಲಾಸ್ಕಿನ ಶಾಖಕ್ಕೆ ಬಿಡಬೇಡಿ. ಅದರಲ್ಲಿನ ವಿಷಾಂಶ ಹೋಗಬೇಕಾದರೆ ಬುರುಬುರು ಕುದಿಯಲೇಬೇಕು.

ಅಂಗಡಿಯ ಸಪ್ಪೆ ಮೊಸರು 400 ಗ್ರಾಂ ಡಬ್ಬಿಗೆ 150ರಿಂದ 200 ಯೆನ್. ಅದನ್ನೇ ಹೆಪ್ಪು ಮಾಡಿ ಕುಕ್ಕರಿನ ಬಿಸಿ ಕಾಯುವ ವ್ಯವಸ್ಥೆಯಲ್ಲಿ ಹಾಲಿಟ್ಟು ನೋಡಿದೆ. ಅಲ್ಲಿನ ಶಾಖ 70 ಡಿಗ್ರಿಯ ಹತ್ತಿರ ಇರುವುದರಿಂದ ಹೆಪ್ಪು ಸತ್ತು ಹಾಲು ಹಾಲಾಗಿಯೇ ಉಳಿಯಿತು. ಉಗುರುಬೆಚ್ಚಗಿನ ಹಾಲನ್ನು ಅದೇ ಫ್ಲಾಸ್ಕಿನಲ್ಲಿಟ್ಟಾಗ ಗಟ್ಟಿ ಮೊಸರಾಯಿತು. ಆದರೆ ಬೇಳೆಗೂ ಮೊಸರಿಗೂ ಒಂದೇ ಫ್ಲಾಸ್ಕ್ ಸಾಲದೆ, ಇನ್ನೊಂದಕ್ಕೆ 3,000 ಯೆನ್ ತೆರಬೇಕಾಯಿತು.

ಇಲ್ಲಿಂದ ಒಯ್ದದ್ದು ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಗಟ್ಟಿಯಾಗಿ ಕಾಯಿಸಿದ ಪುಳಿಯೋಗರೆ ಗೊಜ್ಜು; ಎಲ್ಲ ಸೇರಿ ನಾಲ್ಕು ಕಿಲೋ ಇದ್ದಿರಬಹುದು. ಹಸಿ ಕರಿಬೇವಿಗೆ ಅಲ್ಲಿ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ, ಆದ್ದರಿಂದ ಅದನ್ನು ಹುರಿದು ಪುಡಿಯಲ್ಲೇ ಸೇರಿಸಿದ್ದೆ. ತೊಗರಿಬೇಳೆ ಹಲಾಲ್ ಅಂಗಡಿಗಳಲ್ಲಿ ಸಿಗುತ್ತದೆ.

ಮಧ್ಯಾಹ್ನಕ್ಕೆ ಡಬ್ಬಿಯೇ ಗತಿ. ಕ್ಯಾಂಟೀನಿನ ಮಿಸೊ (ಹುದುಗಿಸಿದ ಸೋಯಾ) ಸೂಪು, ಉದೊನ್ ಎಂಬ ಗೋಧಿ ನೂಡಲ್, ಬೇಯಿಸಿದ ತರಕಾರಿ ಎಲ್ಲದರ ತಳದಲ್ಲೂ ಸಾಮಾನ್ಯವಾಗಿ ‘ದಾಶಿ’ ಎಂಬ ಒಣಮೀನಿನ ರಸ ಇರುತ್ತದೆ. ಪ್ಯಾಕೆಟ್ಟಿನ ಮೇಲಿನ ಅಲರ್ಜಿ ಪಟ್ಟಿಯನ್ನು ನೋಡಿ ನಿಶ್ಚಿಂತರಾಗುವಂತಿಲ್ಲ: ದನ, ಹಂದಿ, ಕೋಳಿ ಅದರಲ್ಲಿ ಬರುತ್ತವೆ, ದಾಶಿಯ ಮೂಲವಾದ ‘ಕತ್ಸುಓ’ ಮೀನು ಬರುವುದಿಲ್ಲ. ಅದರ ಮೂರು ಅಕ್ಷರಗಳನ್ನೂ, ಮೀನು, ಮಾಂಸ ಎಂಬ ಚಿತ್ರಾಕ್ಷರಗಳನ್ನೂ ವಿಮಾನದಲ್ಲೇ ಬಾಯಿಪಾಠ ಮಾಡಿಕೊಂಡಿದ್ದು ಬಹಳ ಉಪಯೋಗಕ್ಕೆ ಬಂತು.

ಆಗ ಅಕ್ಕಿಯ ಬೆಲೆ ಏರಿ 5 ಕಿಲೋಗೆ 4,000 ಯೆನ್ ದಾಟಿತ್ತು. ಆದರೂ ತರಕಾರಿ, ಹಾಲು, ಬೇಳೆ ಸೇರಿ ನನಗೆ ತಿಂಗಳಿಗೆ 25,000 ಯೆನ್, ಅಂದರೆ ಸುಮಾರು 15,000 ರೂಪಾಯಿ ತಗುಲಿತು. ಎರಡು ಹೊತ್ತೂ ಹೊರಗೆ ನಾನ್ ರೊಟ್ಟಿ–ಕರಿ ತಿಂದವರಿಗೆ ಊಟವೊಂದಕ್ಕೆ ಸಾವಿರ ಯೆನ್ನಿನ ಮೇಲಾಗಿ, ತಿಂಗಳಿಗೆ 60,000 ಯೆನ್ ದಾಟುತ್ತಿತ್ತು. ನನ್ನ ಲೆಕ್ಕದಲ್ಲಿ ಕುಕ್ಕರ್, ಫ್ಲಾಸ್ಕುಗಳ ಬೆಲೆ ಸೇರಿಲ್ಲ. ಅವುಗಳ ಹಣ ಮೊದಲ ಹತ್ತು ದಿನದ ಉಳಿತಾಯದಲ್ಲೇ ಹುಟ್ಟಿತು.