ತೋಟದ ಮಣ್ಣಿನಲ್ಲಿ ಲೋಹಗಳ ಸಹಜ ಮಟ್ಟವನ್ನು ಗುರುತಿಸುವ ಕ್ರಮ

ಮಲೆನಾಡಿನ ಕಾಫಿ ತೋಟದ ಮಣ್ಣಿನ ವರದಿಯಲ್ಲಿ ತಾಮ್ರವೋ ಕ್ರೋಮಿಯಮೋ ಹೆಚ್ಚಾಗಿ ಕಂಡರೆ, ಅದು ವರ್ಷವರ್ಷವೂ ಸಿಂಪಡಿಸಿದ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದಿಂದ ಬಂದದ್ದೇ ಅಥವಾ ಅಡಿಯ ಬಂಡೆ ಕೊಟ್ಟದ್ದೇ ಎಂಬುದನ್ನು ಮೊದಲು ತಿಳಿಯಬೇಕು. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರವೇ ಇರುವುದರಿಂದ ಮೊದಲ ಅನುಮಾನ ಸಹಜ. ಆದರೆ ಕ್ರೋಮಿಯಂ, ನಿಕ್ಕಲ್‌ಗಳ ವಿಷಯದಲ್ಲಿ ಬಂಡೆಯ ಪಾತ್ರವೇ ಹಿರಿದು. ಗ್ರಾನೈಟ್ ಮೂಲದ ಮಣ್ಣಿನಲ್ಲಿ ಕಿಲೋಗೆ ಕೆಲವೇ ಹತ್ತು ಮಿಲಿಗ್ರಾಂ ಇರಬಹುದಾದ ಕ್ರೋಮಿಯಂ, ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿರುವಂಥ ಕ್ರೋಮೈಟ್ ಹೊತ್ತ ಶಿಲೆಗಳ ಮೇಲಿನ ಮಣ್ಣಿನಲ್ಲಿ ಸಾವಿರವನ್ನು ದಾಟುವುದುಂಟು. ಆದ್ದರಿಂದ ಪುಸ್ತಕದ ಒಂದು ಸರಾಸರಿಯನ್ನು ಇಡೀ ಮಲೆನಾಡಿಗೆ ಅನ್ವಯಿಸುವುದು ಸರಿಯಲ್ಲ.

ಹೋಲಿಕೆಗೆ ತೋಟದಷ್ಟೇ ಇಳಿಜಾರಿನ, ಅದೇ ಶಿಲೆಯ ಮೇಲಿನ, ಎಂದೂ ಉಳುಮೆ, ಸಿಂಪಡಣೆ ಕಾಣದ ಜಾಗ ಬೇಕು. ಕೊಡಗಿನಲ್ಲಿ ದೇವರಕಾಡುಗಳು ಇದಕ್ಕೆ ಬಹಳ ಯೋಗ್ಯ. ಆದರೆ ಊರಿನವರ ಮತ್ತು ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಅಲ್ಲಿ ಗುದ್ದಲಿ ಹಾಕಬಾರದು. ತೋಟದ ಅಂಚಿನಿಂದಲೂ ರಸ್ತೆಯಿಂದಲೂ ಸಾಕಷ್ಟು ಒಳಗೆ ಹೋಗಿ, ತರಗೆಲೆಯನ್ನು ಸರಿಸಿ, ಮೇಲ್ಪದರದಿಂದಲೂ ಅರ್ಧ ಮೀಟರಿನ ಕೆಳಗಿನಿಂದಲೂ ಬೇರೆಬೇರೆ ಮಾದರಿ ತೆಗೆಯಿರಿ. ತೋಟದಲ್ಲೂ ಅದೇ ಆಳ ಇರಲಿ. ಗುದ್ದಲಿಯಿಂದ ಗುಂಡಿ ತೆಗೆದ ಮೇಲೆ, ಲೋಹ ತಗುಲಿದ ಗೋಡೆಯ ಮಣ್ಣನ್ನು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಬಿಸಾಡಿ, ಒಳಗಿನ ಮಣ್ಣನ್ನು ಮಾತ್ರ ಸಂಗ್ರಹಿಸಬೇಕು. ಸ್ಟೀಲಿನಲ್ಲಿ ಕ್ರೋಮಿಯಂ, ನಿಕ್ಕಲ್, ಕಲಾಯಿ ತಗಡಿನ ಬಕೆಟ್ಟಿನಲ್ಲಿ ಸತು, ಹಿತ್ತಾಳೆ ಜರಡಿಯಲ್ಲಿ ತಾಮ್ರ ಇರುವುದರಿಂದ, ನೆರಳಲ್ಲಿ ಒಣಗಿಸಿದ ಮಣ್ಣನ್ನು 2 ಮಿಲಿಮೀಟರಿನ ನೈಲಾನ್ ಜರಡಿಯಲ್ಲೇ ಹಾಯಿಸಿ.

ಪ್ರಯೋಗಾಲಯಕ್ಕೆ ಕೊಡುವಾಗ ಒಟ್ಟು ಲೋಹದ ಪರೀಕ್ಷೆಯೆಂದು ಸ್ಪಷ್ಟವಾಗಿ ಬರೆದುಕೊಡಿ. ರೈತರಿಗೆ ಸಾಮಾನ್ಯವಾಗಿ ಸಿಗುವ ಡಿಟಿಪಿಎ ಪರೀಕ್ಷೆ ಗಿಡಕ್ಕೆ ಒದಗುವ ಭಾಗವನ್ನಷ್ಟೇ ಅಂದಾಜಿಸುತ್ತದೆ. ಆ ಅಂಕಿಯನ್ನು ಆಮ್ಲದಲ್ಲಿ ಕರಗಿಸಿ ಅಳೆದ ಅಂಕಿಯ ಪಕ್ಕದಲ್ಲಿಟ್ಟರೆ ತೀರ್ಮಾನವೇ ಕೆಡುತ್ತದೆ. ಸಾಧ್ಯವಾದರೆ ಅಲ್ಯೂಮಿನಿಯಂ, ಕಬ್ಬಿಣಗಳನ್ನೂ ಅಳೆಸಿ; ಮಣ್ಣಿನಲ್ಲಿ ಜೇಡಿ ಎಷ್ಟಿದೆಯೆಂಬ ಅಂದಾಜು ಅವುಗಳಿಂದ ಸಿಗುತ್ತದೆ. ಜೇಡಿ ಹೆಚ್ಚಿದ ಕೆಂಪು ಮಣ್ಣು ಸಹಜವಾಗಿಯೇ ಹೆಚ್ಚು ಲೋಹವನ್ನು ಹಿಡಿದಿಡುತ್ತದೆ.

ಪ್ರತಿ ಜಾಗದ ಪ್ರತಿ ಪದರದ ಹಲವು ಮಾದರಿಗಳಿಂದ ಬಂದ ಅಂಕಿಗಳನ್ನು ಬೇರೆಬೇರೆಯಾಗಿ ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಹಿಡಿಯಿರಿ, ಏಕೆಂದರೆ ಒಂದೇ ವಿಪರೀತ ಅಂಕಿ ಸರಾಸರಿಯನ್ನು ಎಳೆದುಬಿಡುತ್ತದೆ. ತೋಟದ ಮೇಲ್ಪದರದಲ್ಲಿ ತಾಮ್ರ ಹೆಚ್ಚಿದ್ದು, ಕೆಳಪದರದಲ್ಲಿ ಕಾಡಿನ ಮಣ್ಣಿಗೆ ಸಮನಾಗಿದ್ದರೆ, ಅದು ಸಿಂಪಡಣೆಯದ್ದೆಂದು ಬಲವಾಗಿ ಹೇಳಬಹುದು. ತೋಟ, ಕಾಡು ಎರಡರ ಎರಡೂ ಪದರಗಳಲ್ಲಿ ಒಂದೇ ಮಟ್ಟವಿದ್ದರೆ ಬಂಡೆಯದೇ ಕೊಡುಗೆ. ಸತು, ಮ್ಯಾಂಗನೀಸ್‌ಗಳನ್ನು ಮಾತ್ರ ಹೀಗೆ ಅವಸರದಿಂದ ಓದಬಾರದು. ಮರಗಳು ಅವನ್ನು ಆಳದಿಂದ ಹೀರಿ ಎಲೆಯ ಮೂಲಕ ಮೇಲ್ಪದರಕ್ಕೆ ಸೇರಿಸುವುದರಿಂದ, ಯಾರೂ ಏನೂ ಹಾಕದ ಕಾಡಿನಲ್ಲೂ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬಹುದು.