ಗ್ನುಪ್ಲಾಟ್‌ನಲ್ಲಿ ಒಂದು ತಿಂಗಳ ತಾಪಮಾನ

ಕಂಪ್ಯೂಟರಿಗೆ ಜೋಡಿಸಿದ್ದ ಸೆನ್ಸರ್ ಒಂದರಿಂದ ಕೋಣೆಯ ತಾಪಮಾನವನ್ನು ನಿಮಿಷಕ್ಕೊಮ್ಮೆ ಓದಿ, ಪಠ್ಯದ ಫೈಲಿಗೆ ಒಂದೊಂದೇ ಸಾಲು ಸೇರಿಸುವ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಆರಂಭದಲ್ಲಿ ಅದನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು ಗ್ರಾಫ್ ಬಿಡಿಸುತ್ತಿದ್ದೆನಾದರೂ, ಹೊಸ ಸಾಲುಗಳು ಸೇರಿದಾಗಲೆಲ್ಲ ಅದೇ ಕಾಲಂಗಳನ್ನು ಆಯ್ದು ಅದೇ ಅಕ್ಷಗಳನ್ನು ಮತ್ತೆ ಹೊಂದಿಸುವುದು ಬೇಸರ ತರಿಸಿತು. ಹಾಗಾಗಿ ಬರೆದ ಆಜ್ಞೆಗಳಂತೆ ಗ್ರಾಫ್ ಬಿಡಿಸುವ ಗ್ನುಪ್ಲಾಟ್ ಕಲಿಯತೊಡಗಿದೆ. ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ 1986ರಲ್ಲಿ ಆರಂಭಿಸಿದ ಈ ತಂತ್ರಾಂಶ, ಹೆಸರು ಏನೇ ಹೇಳಿದರೂ, ಮುಕ್ತ ತಂತ್ರಾಂಶಗಳನ್ನು ರೂಪಿಸುವ ಗ್ನು ಯೋಜನೆಗೆ ಸೇರಿದ್ದಲ್ಲ.

ನನ್ನ ಫೈಲಿನ ಪ್ರತಿ ಸಾಲಿನಲ್ಲಿ ದಿನಾಂಕ, ಸಮಯ, ತಾಪಮಾನ ಈ ಮೂರೂ ಖಾಲಿ ಜಾಗದಿಂದ ಬೇರ್ಪಟ್ಟಿದ್ದವು. ಅಡ್ಡ ಅಕ್ಷದಲ್ಲಿ ಸಮಯವಿದೆ ಎಂದು ತಿಳಿಸಲು ‘ಸೆಟ್ ಎಕ್ಸ್‌ಡೇಟಾ ಟೈಮ್’ ಎಂದು ಹೇಳಿ, ‘ಟೈಮ್‌ಎಫ್‌ಎಂಟಿ’ ಆಜ್ಞೆಯಲ್ಲಿ ದಿನಾಂಕ ಮತ್ತು ಸಮಯದ ರೂಪವನ್ನು ಕೊಟ್ಟು, ಒಂದು ಮತ್ತು ಎರಡನೆಯ ಕಾಲಂಗಳನ್ನು ಬಿಡಿಸಲು ‘ಯೂಸಿಂಗ್ 1:2’ ಎಂದು ಬರೆದೆ. ದಿನಾಂಕ ಮತ್ತು ಸಮಯ ಸೇರಿ ಒಂದು ಕಾಲಂ, ತಾಪಮಾನ ಎರಡನೆಯದು ಎಂಬುದು ನನ್ನ ಲೆಕ್ಕ. ಪರದೆಯ ಮೇಲೆ ಮೂಡಿದ್ದು ಗರಗಸದ ಹಲ್ಲುಗಳು: ದಿನವೂ ಸೊನ್ನೆಯಿಂದ 23ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ನಡುರಾತ್ರಿ ಒಮ್ಮೆಲೇ ನೆಲಕ್ಕಿಳಿಯುವ ಗೆರೆ. ಸೆನ್ಸರ್ ಕೆಟ್ಟಿದೆ ಎಂದುಕೊಂಡು ಅದರ ತಂತಿಗಳನ್ನೆಲ್ಲ ಬಿಚ್ಚಿ ಜೋಡಿಸಿದ ಮೇಲೆ ವಿಷಯ ಹೊಳೆಯಿತು. ಸಮಯದ ರೂಪದೊಳಗೆ ಖಾಲಿ ಜಾಗವಿದ್ದರೆ ಗ್ನುಪ್ಲಾಟ್ ಅದನ್ನು ಎರಡು ಕಾಲಂ ಎಂದೇ ಎಣಿಸುತ್ತದೆ. ನಾನು ಕೇಳಿದ ಎರಡನೆಯ ಕಾಲಂನಲ್ಲಿದ್ದ ‘06:30’ನ್ನು ಅದು 6 ಎಂದು ಓದಿತ್ತು. ಅಂದರೆ ನಾನು ಬಿಡಿಸಿದ್ದು ಗಡಿಯಾರದ ಗ್ರಾಫ್! ‘ಯೂಸಿಂಗ್ 1:3’ ಎಂದು ತಿದ್ದಿದೊಡನೆ ಎಲ್ಲವೂ ಸರಿಯಾಯಿತು.

ಚಿತ್ರವನ್ನು ಪಿಎನ್‌ಜಿಯಾಗಿ ಉಳಿಸುವಾಗ ಫೈಲನ್ನು ಮುಚ್ಚುವ ‘ಅನ್‌ಸೆಟ್ ಔಟ್‌ಪುಟ್’ ಆಜ್ಞೆಯನ್ನು ಮರೆತು, ಅರ್ಧಂಬರ್ಧ ಫೈಲನ್ನು ತೆರೆಯಲು ಹೆಣಗಿದ್ದೂ ಉಂಟು. ಅದು ಒಂದೇ ಸಾಲಿನ ಪರಿಹಾರ.

ನಿಜವಾದ ತೊಡಕು ಮೊದಲಿಗೆ ಕಣ್ಣಿಗೇ ಬೀಳಲಿಲ್ಲ. ‘ವಿತ್ ಲೈನ್ಸ್’ ಬಳಸಿ ಬಿಡಿಸಿದ ಮೂವತ್ತು ದಿನಗಳ ಗ್ರಾಫ್ ನೋಡಲು ಸೊಗಸಾಗಿಯೇ ಇತ್ತು. ನಿಮಿಷಕ್ಕೊಂದರಂತೆ 43,200 ಸಾಲುಗಳಿರಬೇಕಿದ್ದ ಫೈಲನ್ನು ಬೇರೆ ಕಾರಣಕ್ಕೆ ಎಣಿಸಿದಾಗ 42,840 ಮಾತ್ರ ಸಿಕ್ಕವು. 360 ಸಾಲು ಎಂದರೆ ಆರು ಗಂಟೆ. ಅದೇ ದತ್ತಾಂಶವನ್ನು ‘ವಿತ್ ಪಾಯಿಂಟ್ಸ್’ ಎಂದು ಬಿಡಿಸಿದಾಗ ಹದಿನೇಳನೆಯ ದಿನದಲ್ಲಿ ಬಿಂದುಗಳೇ ಇಲ್ಲದ ಜಾಗ ಕಂಡಿತು. ಸೆನ್ಸರ್ ಸುಮ್ಮನಿದ್ದ ಆ ಹೊತ್ತನ್ನು ಹಿಂದಿನ ಗ್ರಾಫ್ ನೇರ ಗೆರೆಯೊಂದರಿಂದ ಹೊಲಿದುಬಿಟ್ಟಿತ್ತು, ತಾಪಮಾನ ನಿಧಾನವಾಗಿ ಇಳಿಯಿತೇನೋ ಎಂಬಂತೆ. ತಪ್ಪು ಗ್ನುಪ್ಲಾಟ್‌ನದಲ್ಲ: ಎರಡು ಸಾಲುಗಳು ಒಂದರ ಕೆಳಗೊಂದು ಇದ್ದರೆ ಅವುಗಳನ್ನು ಸೇರಿಸೆಂದೇ ನಾನು ಹೇಳಿದ್ದೆ.

ಫೈಲಿನಲ್ಲಿ ಒಂದು ಖಾಲಿ ಸಾಲು ಸಿಕ್ಕರೆ ಗ್ನುಪ್ಲಾಟ್ ಗೆರೆಯನ್ನು ಅಲ್ಲಿ ಮುರಿಯುತ್ತದೆ. ಈ ಗುಣವನ್ನೇ ಬಳಸಿಕೊಂಡು ಪಠ್ಯವನ್ನು ಸಾಲು ಸಾಲಾಗಿ ಸಂಸ್ಕರಿಸುವ ಜಿಆಕ್‌ ಭಾಷೆಯಲ್ಲಿ ನಾಲ್ಕೈದು ಸಾಲಿನ ಸ್ಕ್ರಿಪ್ಟ್ ಬರೆದೆ. ದಿನಾಂಕದ ಅಡ್ಡಗೆರೆ ಹಾಗೂ ಸಮಯದ ಚುಕ್ಕಿಗಳನ್ನು ಖಾಲಿ ಜಾಗಕ್ಕೆ ಬದಲಿಸಿ, ಕೊನೆಗೆ ಸೆಕೆಂಡಿನ ಜಾಗದಲ್ಲಿ ‘00’ ಸೇರಿಸಿ, ಎಂಕೆಟೈಮ್ ಫಂಕ್ಷನ್ನಿನಿಂದ ಸೆಕೆಂಡುಗಳನ್ನು ಪಡೆದು, ಹಿಂದಿನ ಸಾಲಿಗೂ ಈ ಸಾಲಿಗೂ 300 ಸೆಕೆಂಡುಗಳಿಗಿಂತ ಹೆಚ್ಚು ಅಂತರವಿದ್ದರೆ ನಡುವೆ ಒಂದು ಖಾಲಿ ಸಾಲನ್ನು ಮುದ್ರಿಸುವುದಷ್ಟೇ ಅದರ ಕೆಲಸ. ‘ಪ್ಲಾಟ್’ ಆಜ್ಞೆಯಲ್ಲಿ ಫೈಲಿನ ಹೆಸರಿನ ಜಾಗದಲ್ಲಿ ‘<’ ಚಿಹ್ನೆ ಇಟ್ಟು ಈ ಸ್ಕ್ರಿಪ್ಟನ್ನೇ ಕರೆಯಬಹುದಾದ್ದರಿಂದ ಮೂಲ ಫೈಲನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ.

ಗೆರೆ ನುಣುಪಾಗಲೆಂದು ‘ಸ್ಮೂತ್ ಬೆಜಿಯೆ’ ಪ್ರಯೋಗಿಸಿ ಮರುದಿನವೇ ತೆಗೆದುಹಾಕಿದೆ. ಆ ವಕ್ರರೇಖೆ ಬಿಂದುಗಳ ಮೂಲಕ ಹಾಯುವುದಿಲ್ಲ. ಮಧ್ಯಾಹ್ನದ ಏರುಗಳನ್ನೆಲ್ಲ ತಗ್ಗಿಸಿ ತೋರಿಸುತ್ತದೆ. ನನಗೆ ಬೇಕಿದ್ದುದೇ ಆ ಏರುಗಳು.

ಈಗ ಆಜ್ಞೆಗಳೆಲ್ಲ ಒಂದೇ ಫೈಲಿನಲ್ಲಿವೆ, ವಾರಕ್ಕೊಮ್ಮೆ ಅದನ್ನು ಓಡಿಸುತ್ತೇನೆ. ಆ ತಿಂಗಳ ಗ್ರಾಫಿನಲ್ಲಿ ಹದಿನೇಳನೆಯ ದಿನದ ಗೆರೆ ಆರು ಗಂಟೆಗಳ ಅಗಲಕ್ಕೆ ಕಡಿದುಹೋಗಿದೆ.