ವಾರ್ಸಾದ ಹೊರವಲಯ ಹರಡಿದ ಬಗೆಯನ್ನು ಅರಿಯುವ ಕ್ರಮ

ಸಮಾಜವಾದಿ ಆಡಳಿತ ಮುಗಿದ ಮೇಲೆ ಪೋಲೆಂಡಿನ ರಾಜಧಾನಿ ವಾರ್ಸಾ ಏಕೆ ಹೀಗೆ ಹರಡಿತೆಂದು ಅರಿಯಬಯಸುವವರು ಮೊದಲು ಅದರ ಉತ್ತರದಂಚಿನ ಬ್ಯಾವೊವೆಂಕಾ ಪ್ರದೇಶದ ಉಪಗ್ರಹ ಚಿತ್ರವನ್ನು ತೆರೆದು, ಮನೆಗಳಿಗಿಂತ ಹೆಚ್ಚಾಗಿ ಅವು ನಿಂತಿರುವ ಜಮೀನಿನ ಆಕಾರವನ್ನು ಗಮನಿಸಬೇಕು. ಸಮಾಜವಾದಿ ಕಾಲದಲ್ಲೂ ಪೋಲೆಂಡಿನ ಕೃಷಿಭೂಮಿಯ ಬಹುಭಾಗ ರೈತ ಕುಟುಂಬಗಳ ಕೈಯಲ್ಲೇ ಉಳಿದಿತ್ತು; ಉದ್ದವಾಗಿ, ಕಿರಿದಾಗಿ ಚಾಚಿದ್ದ ಆ ಹೊಲದ ಪಟ್ಟಿಗಳನ್ನು ಒಂದೊಂದಾಗಿ ಕೊಂಡ ನಿರ್ಮಾಣಗಾರರು ಪ್ರತಿ ಪಟ್ಟಿಗೂ ತನ್ನದೇ ಒಂದು ರಸ್ತೆ ಮಾಡಿ, ಪಕ್ಕದ ಬಡಾವಣೆಗೆ ದಾರಿಯೇ ಇಲ್ಲದಂತೆ ಮನೆಗಳನ್ನು ಕಟ್ಟಿದರು. ಶಾಲೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಮಗು ಸುತ್ತಿ ಬಳಸಿ ಹೋಗಬೇಕಾದ ಸ್ಥಿತಿ ಇದರಿಂದ ಬಂದದ್ದು.

ಬಳಿಕ ಕಾನೂನನ್ನು ನೋಡಬೇಕು. ಯಾವ ಜಾಗದಲ್ಲಿ ಏನು ಕಟ್ಟಬಹುದೆಂದು ಗೊತ್ತುಪಡಿಸುವ ಸ್ಥಳೀಯ ಯೋಜನೆಗಳಲ್ಲಿ 1995ಕ್ಕೆ ಮೊದಲಿನವು 2003ರ ಕೊನೆಗೆ ರದ್ದಾದವು. ಅದೇ ವರ್ಷದ ಕಾಯ್ದೆಯು, ಯೋಜನೆಯಿಲ್ಲದ ಕಡೆಗಳಲ್ಲಿ ಅದೇ ಸಾರ್ವಜನಿಕ ರಸ್ತೆಗೆ ಸೇರುವ ನೆರೆಯ ಒಂದಾದರೂ ನಿವೇಶನದಲ್ಲಿ ಕಟ್ಟಡವಿದ್ದರೆ, ಇತರ ಷರತ್ತುಗಳಿಗೆ ಒಳಪಟ್ಟು, ಬಿಡಿಬಿಡಿ ಆದೇಶಗಳ ಮೂಲಕವೇ ನಿರ್ಮಾಣಕ್ಕೆ ಅವಕಾಶ ನೀಡಿತು. ಹರಡುವಿಕೆಯ ಮುಖ್ಯ ಕಾರಣವನ್ನು ನಾನು ಕಾರುಗಳ ಹೆಚ್ಚಳಕ್ಕಿಂತ ಇಲ್ಲಿಯೇ ಕಾಣುತ್ತೇನೆ. ಆದುದರಿಂದ ಪ್ರತಿ ಬಡಾವಣೆಯೂ ಯೋಜನೆಯಡಿ ಬಂದದ್ದೋ ಆದೇಶದಡಿ ಬಂದದ್ದೋ ಎಂಬುದನ್ನು ನಕ್ಷೆಯ ಮೇಲೆ ಬಣ್ಣದಿಂದ ಗುರುತಿಸಿ, 2009ರಲ್ಲಿ ನಗರದೊಳಗಿನ ಕೃಷಿಭೂಮಿ ಕಾನೂನಿನ ರಕ್ಷಣೆ ಕಳೆದುಕೊಂಡ ನಂತರದ ಕಟ್ಟಡಗಳನ್ನು ಬೇರೆಯಾಗಿ ತೋರಿಸಬೇಕು.

ಕೊನೆಗೆ, ಆ ಕಾಯ್ದೆಯ 2023ರ ತಿದ್ದುಪಡಿ ಪ್ರತಿ ಸ್ಥಳೀಯಾಡಳಿತಕ್ಕೂ ಕಡ್ಡಾಯಗೊಳಿಸಿದ, ಅದರ ಇಡೀ ಪ್ರದೇಶಕ್ಕೆ ಅನ್ವಯಿಸುವ ಸಾಮಾನ್ಯ ಯೋಜನೆಯನ್ನು ಆ ನಕ್ಷೆಯ ಮೇಲಿಟ್ಟು, ಹೊಸ ನಿರ್ಮಾಣಕ್ಕೆ ಬಿಟ್ಟ ಜಾಗ ರೈಲು ನಿಲ್ದಾಣಗಳಿಗೆ ಎಷ್ಟು ಸಮೀಪವಿದೆ ಎಂಬುದನ್ನು ಅಳೆಯಬೇಕು.